ಬೇವಿನ ಸೊಪ್ಪಿನ ವೈರಸ್ಸು

ರೇಷ್ಮೆ ಸೀರೆಗಳಿಗೆ ಹುಳ ಹತ್ತದಿರಲೆಂದು ನನ್ನ ಹೆಂಡತಿ ಬೀರುವಿನಲ್ಲಿ ಒಣಗಿದ ಬೇವಿನ ಸೊಪ್ಪು ಇಡುತ್ತಾಳೆ. ಮೊನ್ನೆ ಬಾಗಿಲು ತೆಗೆದಾಗ ಆ ವಾಸನೆ ಮೂಗಿಗೆ ಬಡಿದು ನನಗೆ ನಗು ಬಂತು. ಬೇವಿನ ವಾಸನೆಗೆ ನಗುವ ಗಂಡಸನ್ನು ನೀವು ನೋಡಿಲ್ಲವಾದರೆ, ದೊಡ್ಡಬಳ್ಳಾಪುರದ ನಮ್ಮ ನೇಕಾರರ ಬೀದಿ ವೈದ್ಯವಿಜ್ಞಾನಕ್ಕೆ ಕೊಟ್ಟ ಕೊಡುಗೆಯೂ ನಿಮಗೆ ಗೊತ್ತಿರಲಾರದು.

ಎಮರ್ಜೆನ್ಸಿಯ ಕಾಲ. ಗಂಡಸರನ್ನು ಮಕ್ಕಳಾಗದಂತೆ ಮಾಡುವ ಆಪರೇಷನ್ನಿಗೆ ಹೊತ್ತೊಯ್ಯುವ ಜೀಪೊಂದು ತಿರುಗುತ್ತಿದೆ ಎಂದು ಸುದ್ದಿ. ಮಕ್ಕಳಾದವರಿಗೆ ಮಾತ್ರ ಎಂಬುದು ಬಾಯಿಮಾತು. ಲೆಕ್ಕ ತುಂಬದಿದ್ದರೆ ಮೀಸೆ ಇದ್ದವರೆಲ್ಲ ಅಪ್ಪಂದಿರೇ. ನಮ್ಮ ನಂಜುಂಡ ಚಿಕ್ಕಪ್ಪನಿಗೆ ಆಗಷ್ಟೇ ಮದುವೆಯಾಗಿತ್ತು, ಮಕ್ಕಳಿರಲಿಲ್ಲ. ರಸ್ತೆಯಲ್ಲಿ ಲಾರಿ ಕೆಮ್ಮಿದರೂ ಅವನು ಅಟ್ಟ ಹತ್ತುತ್ತಿದ್ದ. ಚಿಕ್ಕಮ್ಮ ಒಲೆ ಮುಂದೆ ಕೂತು ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಒಂದು ಬೆಳಗ್ಗೆ ಅಜ್ಜಿ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದಳು. ಮನೆಗೆ ಅಮ್ಮ ಬಂದಿದ್ದಾಳೆ, ಅಂದರೆ ಮೈಮೇಲೆ ಗುಳ್ಳೆ ಎದ್ದಿವೆ, ಹೊರಗಿನವರು ಹೊಸ್ತಿಲು ದಾಟುವಂತಿಲ್ಲ ಎಂದರ್ಥ.

"ಅಮ್ಮನ ಹೆಸರಲ್ಲಿ ಸುಳ್ಳಾ ಅಜ್ಜಿ?" ಎಂದೆ.

"ಮಕ್ಕಳನ್ನ ಕೊಡೋಳೂ ಅವಳೇ ಅಲ್ವೇನೋ? ನಾನು ಅವಳ ಹತ್ರ ಮಾತಾಡ್ಕೋತೀನಿ, ಸುಮ್ನಿರು."

ವಾರದೊಳಗೆ ಬೀದಿಯ ಬೇವಿನ ಮರ ಬೋಳಾಯಿತು. ಮದುವೆಯಾಗದ, ಪರೀಕ್ಷೆಯೂ ಪಾಸಾಗದ ನನಗೆ ಮಾತ್ರ ಯಾವ ರೋಗವೂ ತಗಲಲಿಲ್ಲ.

ಸುದ್ದಿ ಬೆಂಗಳೂರಿಗೆ ಮುಟ್ಟಿ, ವೈರಸ್ ಸೋಂಕುಗಳ ಸಂಶೋಧಕರೊಬ್ಬರು ಬಂದರು. ಬಿಸಿಲಲ್ಲೂ ಕೋಟು. ಪಾಪ, ಅವರನ್ನೂ ಅಜ್ಜಿ ಹೊಸ್ತಿಲಲ್ಲೇ ನಿಲ್ಲಿಸಿದಳು.

"ಜ್ವರ ಎಷ್ಟಿದೆಯಮ್ಮಾ?"

"ಅಮ್ಮನ್ನ ಅಳೀತಾರಾ ಸ್ವಾಮಿ?"

"ಸ್ವಲ್ಪ ರಕ್ತ ತಗೋಬಹುದಾ?"

"ಸೂಜಿ ಕಂಡ್ರೆ ಅವಳಿಗೆ ಆಗಲ್ಲ."

ಒಳಗೆ ಚಿಕ್ಕಪ್ಪನ ಮಗ್ಗ ಧಡಧಡ ಓಡುತ್ತಿತ್ತು. "ರೋಗಿ ಮಗ್ಗ ನಡೆಸ್ತಿದ್ದಾರಾ?" ಎಂದು ಡಾಕ್ಟರು ಹುಬ್ಬೇರಿಸಿದರು.

"ಆ ಸದ್ದು ಕೇಳಿದ್ರೆ ಅಮ್ಮ ತಣ್ಣಗಿರ್ತಾಳೆ."

ಅದನ್ನೂ ಭಕ್ತಿಯಿಂದ ಬರೆದುಕೊಂಡರು. ವಿಜ್ಞಾನ ಅಷ್ಟು ವಿನಯದಿಂದ ನಿಂತದ್ದನ್ನು ನಾನು ಮತ್ತೆಲ್ಲೂ ನೋಡಿಲ್ಲ.

ಅಷ್ಟರಲ್ಲಿ ಜೀಪು ಬಂದೇಬಿಟ್ಟಿತು. ಇಳಿದವನು ಕಿವಿಗೊಟ್ಟು ಕೇಳಿದ. "ಏನಜ್ಜೀ, ಅಮ್ಮ ಬಂದಿರೋ ಮನೇಲಿ ಮಗ್ಗ ಓಡ್ತದಾ? ನಾನೂ ಹೊಸಕೋಟೆ ಕಡೆಯವನೇ, ನಂಗೇ ಕಿವಿಗೆ ಹೂವಾ?" ಎಂದು ಹೊಸ್ತಿಲ ಮೇಲೆ ಕಾಲಿಟ್ಟ. ಮಗ್ಗ ನಿಂತಿತು. ಅಜ್ಜಿಯ ಬಾಯಿ ಮೊದಲ ಸಲ ಕಟ್ಟಿತು.

ಡಾಕ್ಟರು ಕೈ ಚಾಚಿ ಅಡ್ಡ ನಿಂತರು. "ರೀ, ಕಾಲು ತೆಗೀರಿ! ಇದು ಹೊಸ ಥರದ ಸೋಂಕು. ಒಳಗೆ ಹೋದ್ರೆ ನಿಮ್ಮ ಜೀಪಿನವರಿಗೆಲ್ಲ ಅಂಟುತ್ತೆ." ಆಮೇಲೆ ಇಂಗ್ಲಿಷಿನಲ್ಲೂ ಗದರಿದರು. ಅಮ್ಮನಿಗೆ ಹೆದರದವನು ಕೋಟಿಗೆ ಹೆದರಿದ. ಜೀಪು ಮತ್ತೆ ನಮ್ಮ ಬೀದಿಗೆ ಬರಲಿಲ್ಲ.

ಡಾಕ್ಟರ ಲೇಖನ ವಿದೇಶದ ಪತ್ರಿಕೆಯಲ್ಲಿ ಅಚ್ಚಾಯಿತಂತೆ. ಅದರ ಪ್ರತಿ ನನ್ನ ಕೈಗೆ ಬಂದದ್ದು ಮೊನ್ನೆ, ಬೀರು ತೆಗೆದ ದಿನವೇ. ತಂದವಳು ನಂಜುಂಡ ಚಿಕ್ಕಪ್ಪನ ಮಗಳು ಸುಮ. ಕಾಲೇಜಿನಲ್ಲಿ ಪಾಠ ಹೇಳುವವಳು, ಯಾವುದೋ ಲೈಬ್ರರಿಯಲ್ಲಿ ಹುಡುಕಿದ್ದಳು. ಓದಿ ಹೇಳಿದಳು. ಈ ವೈರಸ್ಸು ಮದುವೆಯಾದ ಗಂಡಸರನ್ನೇ ಆರಿಸಿ ಹಿಡಿಯುತ್ತದಂತೆ. ಕೆಲಸದ ಶಕ್ತಿ ಕುಂದುವುದಿಲ್ಲವಂತೆ. ಚುನಾವಣೆ ಮುಗಿದ ಕೂಡಲೇ ಬೀದಿಯಿಂದ ಮಾಯವಾದ ಕಾರಣ ಮಾತ್ರ ತಿಳಿಯದು, ಹೆಚ್ಚಿನ ಸಂಶೋಧನೆ ಬೇಕಂತೆ. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆ ಡಾಕ್ಟರನ್ನು ನಾನು ಮದುವೆ ಮನೆಗಳಲ್ಲಿ, ಬಸ್ಸುಗಳಲ್ಲಿ ಆಡಿಕೊಂಡು ನಕ್ಕದ್ದಕ್ಕೆ ಲೆಕ್ಕವೇ ಇಲ್ಲ.

ಕೊನೆಯ ಪುಟಕ್ಕೆ ಬಂದಾಗ ಸುಮ ನಗು ನಿಲ್ಲಿಸಿದಳು.

"ಅಣ್ಣ, ಯಾರೂ ಸಾಯಲಿಲ್ಲ ಅಂತ ಬರ್ದಿದ್ದಾರೆ."

"ಸಾಯೋಕೆ ರೋಗ ಇರಬೇಕಲ್ಲಮ್ಮ."

"ನಾನು ಹುಟ್ಟಿದ್ದು ಬರ್ದಿಲ್ಲ."

ಹೊಸ್ತಿಲಿಗೆ ಅಡ್ಡ ಚಾಚಿದ ಆ ಕೋಟಿನ ಕೈಗಳು ನನ್ನ ಕಣ್ಣ ಮುಂದೆ ಬಂದವು. ಸುಮ ಬೀರುವಿನಿಂದ ಒಂದೆಸಳು ಬೇವು ತೆಗೆದು ಡಾಕ್ಟರ ಹೆಸರಿದ್ದ ಪುಟದಲ್ಲಿಟ್ಟು ಮಡಚಿದಳು.