ವೈರ್ ಬಿಚ್ಚಿಟ್ಟ ಕೀಬೋರ್ಡು

ನಂಬುವವರು ನಂಬಿ, ಬಿಡುವವರು ಬಿಡಿ. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವಳು. ದೆವ್ವದ ಮಾತು ಬಂದರೆ ಮುಖದ ಮೇಲೇ ನಗುತ್ತಿದ್ದೆ. ಆದರೂ ಆ ರಾತ್ರಿ ಶಿಡ್ಲಘಟ್ಟದಲ್ಲಿ ಕಂಡದ್ದರಲ್ಲಿ ಒಂದಕ್ಷರವನ್ನೂ ಬದಲಿಸುವುದಿಲ್ಲ.

ಆಗಿನ್ನೂ ತೊಂಬತ್ತರ ದಶಕದ ಆರಂಭ. ಗೆಳತಿ ನಸ್ರೀನಳ ತಂದೆ ಸೌದಿಯಿಂದ ಒಂದು ಪುಟ್ಟ ಕಂಪ್ಯೂಟರ್ ತಂದಿದ್ದರು. ಕೀಬೋರ್ಡಿನ ಹೊಟ್ಟೆಯೊಳಗೇ ಇಡೀ ಯಂತ್ರ. ಟೀವಿಯೇ ಅದಕ್ಕೆ ಪರದೆ. ಅವರು ತೀರಿಕೊಂಡ ವಾರವೇ ಅದೂ ನಿಂತುಹೋಯಿತು.

"ಸತ್ತವರ ಸಾಮಾನು ಮನೇಲಿ ಬೇಡ. ಬೆಳಿಗ್ಗೆ ಗುಜರಿಗೆ ಹಾಕ್ತೀನಿ," ಎಂದುಬಿಟ್ಟರು ಅವಳ ಚಿಕ್ಕಪ್ಪ, ಅವಳು ಚಾಚಾ ಅನ್ನುತ್ತಿದ್ದವರು.

"ಹೆಂಗೆ ಹಾಕ್ತಾರೋ ನಾನೂ ನೋಡ್ತೀನಿ. ನೀನು ಬಾರೇ, ರಿಪೇರಿ ಮಾಡಣ," ಎಂದು ನಸ್ರೀನ್ ನನ್ನನ್ನು ಎಳೆದೊಯ್ದಳು.

ಅವಳ ತಂದೆಯ ಕೋಣೆ. ಪಕ್ಕದ ಶೆಡ್ಡಿನಿಂದ ರೇಷ್ಮೆಗೂಡು ಬೇಯಿಸಿದ ವಾಸನೆ... ಇಬ್ಬರೂ ಅವರ ಖಾಲಿ ಮಂಚಕ್ಕೆ ಬೆನ್ನು ಹಾಕಿ ನೆಲದ ಮೇಲೆ ಕೂತೆವು. ಅಡಾಪ್ಟರ್ ನೋಡಿದೆ, ಸರಿಯಿತ್ತು. ಮುಚ್ಚಳ ಬಿಚ್ಚಿ ಚಿಪ್‌ಗಳ ಕಾಲನ್ನು ರಬ್ಬರಿನಿಂದ ಉಜ್ಜಿದೆ. ಬೆಸುಗೆ ಬಿಟ್ಟಲ್ಲಿ ಹೊಸದಾಗಿ ಹಾಕಿದೆ. ಊಹೂಂ... ಟೀವಿಯಲ್ಲಿ ಬರೀ ಕಪ್ಪು. ಕೊನೆಗೆ ಕೀಬೋರ್ಡಿನ ಗುಂಡಿಗಳ ಹಲಗೆಯನ್ನೇ ಬಿಚ್ಚಿ, ಅದನ್ನು ಯಂತ್ರಕ್ಕೆ ಜೋಡಿಸುವ ವೈರ್ ಕಿತ್ತು ಪಕ್ಕಕ್ಕಿಟ್ಟೆ.

ಅಷ್ಟರಲ್ಲಿ ಕರೆಂಟು ಹೋಯಿತು.

ಬೀದಿಯೆಲ್ಲ ಕತ್ತಲು. ಆದರೆ... ಟೀವಿ ಹೊತ್ತಿಕೊಂಡಿತು. ನೀಲಿ ಬೆಳಕು. ಮೂಲೆಯಲ್ಲಿ ಮಿಣುಕುವ ಒಂದು ಚೌಕ.

"ಮುಟ್ಟಬೇಡ ಕಣೇ," ಎಂದೆ ಪಿಸುದನಿಯಲ್ಲಿ.

"ಯಾಕೆ ಮುಟ್ಟಬಾರ್ದು? ನಮ್ಮನೇದು." ಅವಳು ಕೀಬೋರ್ಡನ್ನು ತೊಡೆಯ ಮೇಲೆಳೆದುಕೊಂಡು ಬೆರಳು ಎತ್ತಿದಳು.

ಬೆರಳು ಗುಂಡಿಯನ್ನು ಮುಟ್ಟುವ ಮೊದಲೇ ಟಕ್ ಎಂದಿತು. ಪರದೆಯ ಮೇಲೆ ಅಕ್ಷರ ಬಂತು. ಅವಳು ಒತ್ತಬೇಕೆಂದಿದ್ದ ಅಕ್ಷರವೇ. ಇನ್ನೊಂದು ಗುಂಡಿಯತ್ತ ಬೆರಳು ಹೋಯಿತು... ಟಕ್. ಅವಳು ಗಾಳಿಯಲ್ಲೇ ಕೈ ತಡೆದಳು. ಗುಂಡಿ ತಾನಾಗಿ ಕೆಳಗಿಳಿದು, ಹಾಗೇ ಉಳಿಯಿತು. ಯಾರೋ ಒತ್ತಿ ಹಿಡಿದ ಹಾಗೆ.

ನಾನು ಅವಳ ತೋಳು ಹಿಡಿದೆ. "ನಿಮ್ಮ ಅಬ್ಬಾ ಇರಬೇಕು ಕಣೇ..."

"ಅಲ್ಲ." ಅವಳ ದನಿ ಗಟ್ಟಿಯಾಗಿತ್ತು. "ಅಬ್ಬಾ ಒಂದಿನಾನೂ ಗುಂಡಿ ಮುಟ್ಟಿದವರಲ್ಲ. ಎಲ್ಲಾ ನನ್ನ ಕೈಯಲ್ಲೇ ಒತ್ತಿಸ್ತಿದ್ರು. ಇದ್ಯಾರೋ ಬೇರೆ."

ಆಮೇಲೆ ಕತ್ತಲೆಗೇ ಹೇಳಿದಳು: "ಕೈ ತೆಗಿ! ಇದು ನಂದು."

ಗುಂಡಿ ಮೆಲ್ಲಗೆ ಮೇಲೆದ್ದಿತು. ಪರದೆ ಒಂದು ಚುಕ್ಕೆಯಾಗಿ ಆರಿಹೋಯಿತು.

ಬೆಳಿಗ್ಗೆ ಗೋಣಿಚೀಲ ಹಿಡಿದು ಬಂದ ಚಾಚಾಗೆ ಅವಳು ಬಾಗಿಲಲ್ಲೇ ಅಡ್ಡ ನಿಂತಳು. ಅವರು ಅವಳ ಮುಖ ನೋಡಿ, ಚೀಲ ಮಡಚಿಕೊಂಡು ಹೊರಟುಹೋದರು. ಮುಂದೆ ಬೆಂಗಳೂರಿನ ಮೆಕ್ಯಾನಿಕ್ ಒಬ್ಬರು ಒಳಗೆ ನೋಡಿ, ಮುಖ್ಯ ಚಿಪ್ ಯಾವತ್ತೋ ಸುಟ್ಟಿದೆ, ಇದರಲ್ಲಿ ಏನೂ ಬರಲು ಸಾಧ್ಯವೇ ಇಲ್ಲ ಎಂದರು. ನಸ್ರೀನ್ ಅದನ್ನು ಇನ್ನೂ ಇಟ್ಟುಕೊಂಡಿದ್ದಾಳೆ. ಗೆದ್ದದ್ದು ತಾನೇ ಎನ್ನುತ್ತಾಳೆ.

ಇರಬಹುದು. ಆದರೆ ಅವಳು "ಕೈ ತೆಗಿ" ಎಂದಾಗ ನಮ್ಮ ಬೆನ್ನ ಹಿಂದಿನ ಖಾಲಿ ಮಂಚ ಕಿರ್ ಎಂದಿತ್ತು. ಯಾರೋ ಎದ್ದು ನಿಂತ ಹಾಗೆ. ಬಾಗಿಲಿನತ್ತ ಹೋಗುವ ಹೆಜ್ಜೆ ಸದ್ದಿಗಾಗಿ ಕಿವಿಗೊಟ್ಟು ಕೂತಿದ್ದೆ...

ಹೆಜ್ಜೆ ಸದ್ದು ಕೇಳಿಸಲೇ ಇಲ್ಲ.