ಅಕ್ಕನ ಹೆಸರಿದ್ದ ಸಾಲು

ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಹಿರಿಯರೊಬ್ಬರು ನೆಗಡಿಗೆಂದು ಕರ್ಚೀಫಿಗೆ ನೀಲಗಿರಿ ಎಣ್ಣೆ ಹಾಕಿಕೊಂಡು ಮೂಗಿಗೆ ಹಿಡಿದು ನಿಂತಿದ್ದರು. ಬಾಗಿಲು ಮುಚ್ಚಿತು. ಆರನೇ ಮಹಡಿ ತಲುಪುವಷ್ಟರಲ್ಲಿ ನಾನು ಬೆಂಗಳೂರಿನ ಹೂಡಿಯಲ್ಲಿದ್ದ ನಮ್ಮ ಹಳೇ ಆಫೀಸಿಗೆ ಹೋಗಿಬಿಟ್ಟಿದ್ದೆ. ಅಲ್ಲಿ ನಾವೆಲ್ಲ ಅಕ್ಕ ಎಂದು ಕರೆಯುತ್ತಿದ್ದ ಸಹೋದ್ಯೋಗಿಯ ಕುರ್ಚಿಯ ಸುತ್ತ ಸದಾ ಇದೇ ವಾಸನೆ. ಟೈಪ್ ಮಾಡಿ ಮಾಡಿ ಅವರಿಗೆ ಕತ್ತು ನೋವು. ಊಟವಾದ ಮೇಲೆ ಎರಡು ಹನಿ ಸವರಿಕೊಳ್ಳುತ್ತಿದ್ದರು. ಏಸಿ ರೂಮು, ಕಿಟಕಿ ತೆಗೆಯುವಂತಿರಲಿಲ್ಲ. ಆ ವಾಸನೆಗೆ ನನಗೆ ತಲೆನೋವು ಬರುತ್ತದೆ ಎಂದು ಒಮ್ಮೆ ಮ್ಯಾನೇಜರ್ ಹತ್ತಿರ ದೂರು ಹೇಳಿದ್ದೆ. ನನ್ನ ತಲೆನೋವು ಆ ಎಣ್ಣೆಯಿಂದ ಬಂದದ್ದಲ್ಲ...

ನಮ್ಮದು ನಲವತ್ತು ಜನರ ಸಣ್ಣ ಕಂಪನಿ. ಪೀಣ್ಯದ ಕಾರ್ಖಾನೆಗಳಲ್ಲಿ ಯಾವ ಮೆಷಿನ್ ಎಷ್ಟು ಹೊತ್ತು ಓಡಿತು, ಯಾಕೆ ನಿಂತಿತು ಎಂದು ತೋರಿಸುವ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಅದರ ಜೊತೆಗೆ ಹೋಗುವ ಸಹಾಯದ ಪುಟಗಳು ನನ್ನ ಜವಾಬ್ದಾರಿ. ಕೆಂಪು ದೀಪ ಹತ್ತಿದರೆ ಏನು ಮಾಡಬೇಕು, ಯಾವ ಬಟನ್ ಒತ್ತಬಾರದು, ಇಂಥವು. ಮೆಷಿನ್ ಪಕ್ಕದ ಕಂಪ್ಯೂಟರಿಗೆ ಇಂಟರ್ನೆಟ್ ಇರುತ್ತಿರಲಿಲ್ಲ. ಹಾಗಾಗಿ ಇಡೀ ವೆಬ್‌ಸೈಟನ್ನೇ ಸಿಡಿಯಲ್ಲಿ ಹಾಕಿ ಕೊಡುತ್ತಿದ್ದೆವು. ಬ್ರೌಸರಿನಲ್ಲಿ ತೆರೆದರೆ ಸಾಕು, ಓದಬಹುದಿತ್ತು. ಮುನ್ನೂರು ಚಿಲ್ಲರೆ ಪುಟ. ಎಲ್ಲವನ್ನೂ ನಾನೊಬ್ಬನೇ ಕೈಯಾರೆ ಕಟ್ಟಿದ್ದೆ. ಹೊಸ ಆವೃತ್ತಿ ಬಂದಾಗಲೆಲ್ಲ ಪ್ರತಿ ಪುಟ ತೆರೆದು ಮೇಲಿನ ಸಾಲು ಬದಲಿಸಬೇಕು. ಮೂರು ದಿನದ ಕೆಲಸ. ಆ ಮೂರು ದಿನ ಇಡೀ ಆಫೀಸು ನನಗಾಗಿ ಕಾಯುತ್ತಿತ್ತು. ಅದು ನನಗೆ ಬಹಳ ಇಷ್ಟವಾಗಿತ್ತು.

ಅಕ್ಕ ಬಂದದ್ದು ಟೈಪಿಂಗ್ ಕೆಲಸಕ್ಕೆ. ಎಂಜಿನಿಯರುಗಳು ಗೀಚಿ ಕೊಟ್ಟದ್ದನ್ನು ಓದಿ ಟೈಪ್ ಮಾಡಿ ನನಗೆ ಕೊಡಬೇಕು. ವಯಸ್ಸು ನಲವತ್ತರ ಹತ್ತಿರ, ಓದಿದ್ದು ಪಿಯುಸಿ. ಹೂಡಿಯವರೇ. ಅವರ ಮನೆ ಆಫೀಸಿಗೆ ಹತ್ತು ನಿಮಿಷದ ನಡಿಗೆ, ಮಧ್ಯಾಹ್ನ ಮನೆಗೇ ಹೋಗಿ ಬಿಸಿ ಮುದ್ದೆ ಉಂಡು ಬರುತ್ತಿದ್ದರು. ನಾನು ದಾಸರಹಳ್ಳಿಯಿಂದ ಎರಡು ಬಸ್ಸು ಬದಲಾಯಿಸಿ, ಎರಡು ಗಂಟೆ ನಿಂತು ಬರುತ್ತಿದ್ದೆ. ನಿಜ ಹೇಳಬೇಕೆಂದರೆ ಹೊಟ್ಟೆಕಿಚ್ಚು ಅಲ್ಲಿಂದಲೇ ಶುರುವಾಗಿತ್ತು.

ಒಂದು ದಿನ ನನ್ನ ಹಿಂದೆ ನಿಂತು ನೋಡುತ್ತಿದ್ದವರು ಕೇಳಿದರು. "ಯಾಕ್ ಸಾರ್, ಒಂದೇ ಸಾಲ್ನ ಮುನ್ನೂರ್ ಸಲ ಬರೀತೀರಾ?"

"ಅದು ಹಾಗೇ ಅಕ್ಕ. ನಿಮಗೆ ಗೊತ್ತಾಗಲ್ಲ."

"ಊಂ" ಅಂದು ಹೋದರು. ಆದರೆ ಬಿಡಲಿಲ್ಲ. ಎಂಜಿನಿಯರುಗಳ ಕೋಡನ್ನೆಲ್ಲ ಒಟ್ಟುಮಾಡಿ ಸಾಫ್ಟ್‌ವೇರ್ ಕಟ್ಟಿಕೊಡುವ ಬಿಲ್ಡ್ ಟೂಲ್ ಒಂದು ನಮ್ಮಲ್ಲಿತ್ತು. ಅಕ್ಕ ಅದರ ಕೈಪಿಡಿಯನ್ನು ಪ್ರಿಂಟ್ ತೆಗೆದುಕೊಂಡು, ಪಕ್ಕದಲ್ಲಿ ಇಂಗ್ಲಿಷ್–ಕನ್ನಡ ನಿಘಂಟು ಇಟ್ಟುಕೊಂಡು ತಿಂಗಳುಗಟ್ಟಲೆ ಓದಿದರು. ಪೆನ್ಸಿಲಿನಲ್ಲಿ ಪ್ರತಿ ಪದದ ಮೇಲೆ ಅರ್ಥ ಬರೆದುಕೊಂಡಿದ್ದ ಆ ಹಾಳೆಗಳನ್ನು ನೋಡಿ ನಾನು ಮನಸ್ಸಿನಲ್ಲೇ ನಕ್ಕಿದ್ದೆ.

ಒಂದು ಶುಕ್ರವಾರ ಬೆಳಿಗ್ಗೆ ಮ್ಯಾನೇಜರ್ ಬಂದು ಹೊಸ ಆವೃತ್ತಿ ಹೋಗಬೇಕು, ಪುಟಗಳಿಗೆ ಎಷ್ಟು ದಿನ ಎಂದರು. ಎಂದಿನಂತೆ "ಮೂರು ದಿನ ಸಾರ್" ಅಂದೆ. ಅಕ್ಕ ಎದ್ದು ನಿಂತರು.

"ಸಾರ್, ತಪ್ಪು ತಿಳ್ಕೊಬೇಡಿ... ಒಂದ್ಸಲ ಇಲ್ ನೋಡ್ತೀರಾ?"

ಒಂದೇ ಒಂದು ಸಾಲು ಟೈಪ್ ಮಾಡಿದರು. ಪರದೆಯ ಮೇಲೆ ಅಕ್ಷರಗಳು ಸರಸರ ಓಡಿದವು. ಎರಡು ನಿಮಿಷ ಆಗಿರಬಹುದು. ಫೋಲ್ಡರಿನಲ್ಲಿ ಮುನ್ನೂರು ಪುಟಗಳೂ ಕೂತಿದ್ದವು. ಪ್ರತಿಯೊಂದರ ತಲೆಯ ಮೇಲೂ ಹೊಸ ಆವೃತ್ತಿಯ ಸಾಲು, ಪಕ್ಕದಲ್ಲಿ ಪಟ್ಟಿ, ಒಂದು ಲಿಂಕೂ ತಪ್ಪಿಲ್ಲ. ಬರಿಯ ಟೈಪ್ ಮಾಡಿದ ಫೈಲುಗಳನ್ನು ವೆಬ್‌ಸೈಟ್ ಮಾಡಿಕೊಡುವ ಪ್ಲಗಿನ್ ಎಂಬ ಸಣ್ಣ ಸೇರ್ಪಡೆಯೊಂದನ್ನು ಅದೇ ಬಿಲ್ಡ್ ಟೂಲಿಗೆ ಜೋಡಿಸಿದ್ದರು.

"ಮಿಕ್ಸಿ ಅದೇ ಸಾರ್, ಜಾರ್ ಬೇರೆ ಅಷ್ಟೇ" ಅಂದರು ಅಕ್ಕ.

ಮ್ಯಾನೇಜರ್ ಜೋರಾಗಿ ನಕ್ಕರು. ಎಲ್ಲರೂ ಎದ್ದು ಬಂದು ನೋಡಿದರು. ನಾನೂ "ಸೂಪರ್ ಅಕ್ಕ" ಅಂದೆ. ಆರು ವರ್ಷದ ನನ್ನ ಕೆಲಸ ಎರಡು ನಿಮಿಷದ್ದಾಗಿತ್ತು.

ಆಮೇಲೆ ನನ್ನ ಕೆಲಸವೇ ಅಕ್ಕನ ತಪ್ಪು ಹುಡುಕುವುದಾಯಿತು. ಪೀಣ್ಯದ ಕೆಲಸಗಾರರಿಗೆ ಇಂಗ್ಲಿಷ್ ಬರುವುದಿಲ್ಲ, ಕನ್ನಡದಲ್ಲೂ ಪುಟ ಇರಲಿ ಎಂದು ಅವರು ಹೊರಟಾಗ, ಮೊದಲ ಸಲ ಕನ್ನಡದ ಜಾಗದಲ್ಲೆಲ್ಲ ಬರೀ ಪ್ರಶ್ನೆ ಚಿಹ್ನೆಗಳು ಬಂದವು. ಸಾಲು ಸಾಲಾಗಿ, ಪುಟ ತುಂಬ. ಆ ಎರಡು ದಿನ ನಾನೆಷ್ಟು ಸಂತೋಷವಾಗಿದ್ದೆ ಎಂದರೆ, ಮನೆಗೆ ಹೋಗುವಾಗ ದಾರಿಯಲ್ಲಿ ಜಿಲೇಬಿ ಕಟ್ಟಿಸಿಕೊಂಡು ಹೋದೆ. ಮೂರನೇ ದಿನ ಅಕ್ಕ ಸೆಟ್ಟಿಂಗಿನಲ್ಲಿ ಎಲ್ಲೋ ಒಂದು ಪದ ಸೇರಿಸಿದರು. ಪ್ರಶ್ನೆಗಳೆಲ್ಲ ಅಕ್ಷರಗಳಾದವು. ಉಳಿದ ಜಿಲೇಬಿ ಇನ್ನೂ ಮನೆಯಲ್ಲೇ ಇತ್ತು... ನಾನು ತಿನ್ನಲಿಲ್ಲ.

ಆ ಪ್ಲಗಿನ್ನು ತಾನಾಗಿಯೇ ಒಂದು ಕೊನೆಯ ಪುಟ ಕಟ್ಟುತ್ತಿತ್ತು, 'ಇದನ್ನು ಮಾಡಿದವರು' ಎಂದು. ಸೆಟ್ಟಿಂಗಿನ ಪಟ್ಟಿಯಲ್ಲಿರುವ ಹೆಸರುಗಳನ್ನೇ ತೆಗೆದುಕೊಂಡು ಅಲ್ಲಿ ಹಾಕುತ್ತಿತ್ತು. ಆ ಪಟ್ಟಿ ಬರೆದವರು ಅಕ್ಕ. ಮೊದಲು ನನ್ನ ಹೆಸರು, ಕೆಳಗೆ ಅವರದು.

ಕನ್ನಡದ ಪುಟಗಳನ್ನು ಪೀಣ್ಯದ ಒಂದು ಕಾರ್ಖಾನೆಗೆ ತೋರಿಸಬೇಕಿತ್ತು. ಇಬ್ಬರೂ ಹೋಗಿಬನ್ನಿ ಎಂದಿದ್ದರು ಮ್ಯಾನೇಜರ್. ನಾನು ಅಕ್ಕನಿಗೆ, "ಬರೀ ಗ್ರೀಸು, ಸದ್ದು. ನೀವ್ಯಾಕೆ ಅಲ್ಲೀತನಕ ಬರ್ತೀರಾ, ನಾನು ನೋಡ್ಕೋತೀನಿ" ಅಂದೆ. ಅವರಿಗೆ ಬರುವ ಆಸೆಯಿತ್ತು. ಮೆಷಿನ್ ಹೇಗಿರುತ್ತದೆ ಎಂದೇ ಅವರು ನೋಡಿರಲಿಲ್ಲ. ಆದರೂ "ಆಯ್ತು ಸಾರ್" ಅಂದರು. ಮಧ್ಯಾಹ್ನ ಅವರು ಊಟಕ್ಕೆ ಹೋದಾಗ ನಾನು ಪಟ್ಟಿಯಿಂದ ಅವರ ಹೆಸರಿದ್ದ ಸಾಲನ್ನು ಅಳಿಸಿ, ಆ ಒಂದೇ ಸಾಲಿನ ಆಜ್ಞೆ ಕೊಟ್ಟೆ. ಎರಡು ನಿಮಿಷದಲ್ಲಿ ಮುನ್ನೂರು ಪುಟವೂ ತಯಾರು. ಕೊನೆಯ ಪುಟದಲ್ಲಿ ನಾನೊಬ್ಬನೇ ಇದ್ದೆ.

ಕಾರ್ಖಾನೆಯಲ್ಲಿ ಗದಗದ ಕಡೆಯ ಒಬ್ಬ ಆಪರೇಟರ್ ಬೆರಳಿಗೆ ಎಣ್ಣೆ ಮೆತ್ತಿದ್ದರಿಂದ ಮೊಣಕೈಯಲ್ಲೇ ಮೌಸ್ ಸರಿಸಿ ಓದುತ್ತಾ ಹೋದ. ಕೆಂಪು ದೀಪದ ಪುಟ ಓದಿ ತಾನೇ ಮೆಷಿನ್ ಸರಿಮಾಡಿದ. "ಬರೋಬ್ಬರಿ ಐತ್ರಿ ಸರ. ನಮ್ಮ ಮಂದಿಗೂ ತಿಳೀತೈತಿ. ಯಾರ್ ಬರದಾರ್ರೀ?"

"ನಾನೇ" ಅಂದೆ.

ಅವನು ಎರಡೂ ಕೈ ಜೋಡಿಸಿದ. ಆ ನಮಸ್ಕಾರವನ್ನು ನಾನು ತೆಗೆದುಕೊಂಡೆ.

ಕಾರ್ಖಾನೆಯ ಮಾಲೀಕರು ಮ್ಯಾನೇಜರಿಗೆ ಫೋನ್ ಮಾಡಿ ನನ್ನ ಹೆಸರು ಹೇಳಿ ಹೊಗಳಿದರು. ಮರುವಾರ ಅಕ್ಕ ನನ್ನ ಮೇಜಿನ ಹತ್ತಿರ ಬಂದು ನಿಂತರು.

"ಸಾರ್, ಕೊನೇ ಪುಟದಾಗೆ ನನ್ನೆಸ್ರು ಬಿಟ್ಟೋಗೈತೆ ಅಲ್ವಾ?"

"ಹೌದಾ? ಟೂಲ್ ಏನೋ ತಪ್ಪು ಮಾಡಿರ್ಬೇಕು ಅಕ್ಕ."

ಆ ಟೂಲು ಎಂಥ ತಪ್ಪು ಮಾಡುತ್ತದೆ, ಎಂಥದ್ದು ಮಾಡುವುದಿಲ್ಲ ಎಂದು ಇಡೀ ಆಫೀಸಿನಲ್ಲಿ ಚೆನ್ನಾಗಿ ತಿಳಿದಿದ್ದವರು ಅವರೊಬ್ಬರೇ. "ಇರ್ಬೋದು ಬುಡಿ" ಅಂದು ತಮ್ಮ ಕುರ್ಚಿಗೆ ಹೋದರು. ಆ ಸಾಲನ್ನು ಮತ್ತೆ ಸೇರಿಸಿ ಎಂದು ಕೇಳಲಿಲ್ಲ. ತಾವಾಗಿ ಸೇರಿಸಲೂ ಇಲ್ಲ.

ಎರಡು ತಿಂಗಳಿಗೆ ಸಹಾಯದ ಪುಟಗಳ ವಿಭಾಗಕ್ಕೆ ಒಬ್ಬ ಮುಖ್ಯಸ್ಥ ಬೇಕಾಯಿತು. ಜಾಗ ನನಗೆ ಸಿಕ್ಕಿತು. ಅಕ್ಕ ಎಲೆಕ್ಟ್ರಾನಿಕ್ ಸಿಟಿಯ ಒಂದು ದೊಡ್ಡ ಕಂಪನಿಗೆ ಹೋದರು. ಹತ್ತು ನಿಮಿಷ ನಡೆದು ಬರುತ್ತಿದ್ದವರು ಬಸ್ಸಿನಲ್ಲಿ ಊರಿನ ಆ ತುದಿಗೆ ಹೋಗಿಬರುವಂತಾಯಿತು. ಕೊನೆಯ ದಿನ ಎಲ್ಲರಿಗೂ ಕಡಲೆಕಾಯಿ ಮಿಠಾಯಿ ಹಂಚಿದರು. ನನಗೆ ಎರಡು ಕೊಟ್ಟರು.

ವರ್ಷಗಳು ಕಳೆದವು. ಆ ಕಂಪನಿ ಮುಚ್ಚಿತು. ಮೂರು ವರ್ಷದ ಹಿಂದೆ ಮಾರತಹಳ್ಳಿಯ ಒಂದು ಮದುವೆಯಲ್ಲಿ ಹಳೇ ಮ್ಯಾನೇಜರ್ ಸಿಕ್ಕರು. ಪಂಕ್ತಿಯಲ್ಲಿ ಪಕ್ಕಪಕ್ಕ ಕೂತಿದ್ದೆವು. ಪಾಯಸ ಬಡಿಸುವಾಗ ಅವರೇ ಹೇಳಿದರು. "ಗೊತ್ತಾಯ್ತೇನಯ್ಯಾ? ನಮ್ಮ ಹೂಡಿ ಅಕ್ಕ ಹೋಗ್ಬಿಟ್ರಂತೆ. ಕಾಯಿಲೆ ಇದೆ ಅಂತ ತಿಳಿಯೋಷ್ಟರಲ್ಲಿ ಎಲ್ಲ ಮುಗಿದೋಗಿತ್ತಂತೆ."

ಎಲೆಯ ಮುಂದೆಯೇ ನಾನು ಎಲ್ಲವನ್ನೂ ಹೇಳಿಬಿಟ್ಟೆ. ಅಳಿಸಿದ ಸಾಲು, ಪೀಣ್ಯ, ಸುಳ್ಳು. ಅವರು ಅನ್ನ ಕಲಸುತ್ತಲೇ ಕೇಳಿಸಿಕೊಂಡರು.

"ಗೊತ್ತಿತ್ತು ಕಣಯ್ಯಾ. ಯಾವ ಸಾಲನ್ನ ಯಾರು ಯಾವಾಗ ತೆಗೆದ್ರು ಅಂತ ಕಂಪ್ಯೂಟರಲ್ಲೇ ಇರ್ತಿತ್ತಲ್ಲ. ಆಯಮ್ಮ ಅವತ್ತೇ ತೆಗೆದು ತೋರಿಸಿದ್ರು. ನಿನ್ನ ಕರೆಸಿ ಕೇಳ್ತೀನಿ ಅಂದೆ. ಬೇಡ ಅಂದ್ರು."

"ಯಾಕೆ ಸಾರ್?"

"'ಬುಡಿ ಸಾರ್, ಪಾಪ, ಅವ್ರ್ಗೆ ಬರೋದು ಅದೊಂದೇಯ. ನಾನು ಬ್ಯಾರೇದು ಕಲ್ಕೊಂತೀನಿ' ಅಂದ್ರು. ನಾನೂ ಸುಮ್ನಾಗ್ಬಿಟ್ಟೆ. ನಿನ್ನ ಹತ್ರ ಡಿಗ್ರಿ ಇತ್ತು, ಕಾರ್ಖಾನೆಯವ್ರೂ ಹೊಗಳಿದ್ರು... ನಂದೂ ತಪ್ಪೇ."

ಆ ಕ್ಷಣದಲ್ಲಿ ನನಗೆ ಮೊದಲು ಬಂದದ್ದು ಪಶ್ಚಾತ್ತಾಪ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ಬಂದದ್ದು ಅದಲ್ಲ. ನನ್ನನ್ನು ಪಾಪ ಅನ್ನುವಷ್ಟು ದೊಡ್ಡವರಾಗಿದ್ದರಲ್ಲ ಎಂದು ತೀರಿಹೋದವರ ಮೇಲೆ ಹೊಟ್ಟೆ ಉರಿಯಿತು. ದುಃಖ ಆಮೇಲೆ ಬಂತು. ಕೈತೊಳೆಯಲು ಹೋದವನು ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ನಿಂತಿದ್ದೆ.

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಅಕ್ಕ ಹದಿನೈದು ಜನರಿಗೆ ಈ ಕೆಲಸ ಕಲಿಸಿದ್ದರಂತೆ. ಅವರೆಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರಂತೆ. ಅವರು ಅಲ್ಲಿದ್ದಾಗ ನಾನು ಆ ಕಡೆ ಎಷ್ಟೋ ಸಲ ಹೋಗಿದ್ದೇನೆ, ಅವರ ಆಫೀಸಿನ ಗೇಟಿನ ಮುಂದೆಯೇ ಬಸ್ಸಿನಲ್ಲಿ ದಾಟಿದ್ದೇನೆ. ಇನ್ನೊಮ್ಮೆ ಬಂದಾಗ ಇಳಿಯೋಣ ಅಂದುಕೊಳ್ಳುತ್ತಿದ್ದೆ. ಒಮ್ಮೆಯೂ ಇಳಿಯಲಿಲ್ಲ.