ನೀರು ನೋಡಿ ಲೋಡು ಹೇಳಿದವರು

ನಮ್ಮ ಲೈನ್‌ಮನ್ನರ ಕತ್ತು ಸದಾ ಬಲಕ್ಕೆ ವಾಲಿರುತ್ತಿತ್ತು. ಮೂವತ್ತು ವರ್ಷ ಕಂಬದ ತುದಿ ನೋಡಿದ್ದಕ್ಕೆ ಸಂದ ಏಕೈಕ ಪದಕ. ಕೂತು ಗೊತ್ತಿಲ್ಲದ ಜೀವ. ಹಳೇಬೀಡಿನ ನಮ್ಮ ವಿದ್ಯುತ್ ಕಚೇರಿಯ ಬಾಗಿಲಲ್ಲಿ ಒಂದು ಕಾಲು ಒಳಗೆ, ಒಂದು ಹೊರಗೆ ಇಟ್ಟೇ ಟೀ ಕುಡಿಯುತ್ತಿದ್ದರು.

ಹುಲಿಕೆರೆ ಕಡೆಯ ತೋಟಗಳ ಪಂಪ್‌ಸೆಟ್ಟುಗಳಿಗೆ ಮೀಟರಿಲ್ಲ. ಅವಕ್ಕೆ ಕರೆಂಟು ಹಂಚುವ ಟ್ರಾನ್ಸ್‌ಫಾರ್ಮರಿಗೂ ಇಲ್ಲ. ಅದರ ಮೇಲೆ ಎಷ್ಟು ಲೋಡು ಬೀಳುತ್ತದೆಂದು ಅಂದಾಜಿಸಿ ಬರೆಯುವ ಪವಿತ್ರ ಕರ್ತವ್ಯ ಆಗ ಹೊಸ ಇಂಜಿನಿಯರಾಗಿದ್ದ ನನ್ನದು. ಫ್ಯಾನಿನಡಿ ಕೂತು, ಮಂಜೂರಾದ ಮೋಟಾರುಗಳ ಹೆಚ್‌ಪಿ ಕೂಡಿಸಿ, ಸರ್ವವೂ ಸುಭಿಕ್ಷವೆಂದು ಬರೆದೆ.

"ಸಾರ್, ಕಾಗದದ ಮೋಟ್ರು ನೀರೆತ್ತಲ್ಲ. ಬನ್ನಿ," ಎಂದು ಲೈನ್‌ಮನ್ನರು ಬೈಕಿಗೆ ಹತ್ತಿಸಿಕೊಂಡರು.

ಬೆಳಗ್ಗೆ ತ್ರೀ ಫೇಸ್ ಕರೆಂಟು ಬಂದೊಡನೆ ಎಲ್ಲ ಪಂಪುಗಳೂ ತಾವಾಗಿಯೇ ಶುರುವಾಗುತ್ತವೆ. ಆ ಹೊತ್ತಿಗೆ ಸರಿಯಾಗಿ ಅವರು ತೆಂಗಿನ ಸಾಲುಗಳಲ್ಲಿ ದಾಪುಗಾಲು ಹಾಕುತ್ತ, ಪೈಪಿನಿಂದ ಬೀಳುವ ನೀರಿಗೆ ಅಂಗೈ ಒಡ್ಡಿದರು. ಯಾವ ಬೋರು ಎಷ್ಟು ಆಳವೆಂಬುದು ಅವರಿಗೆ ಬಾಯಿಪಾಠ. "ಸ್ಟಾರ್ಟರ್ ಡಬ್ಬಿ ತಗಡಿನ ಮೇಲೆ ಐದು ಹೆಚ್‌ಪಿ ಅಂತ ಐತೆ. ಇಷ್ಟಾಳದಿಂದ ಈ ರಭಸದ ನೀರು ಏಳೂವರೆದು."

"ಏನಣ್ಣಾ, ನಮ್ ನೀರಿಗೆ ದೃಷ್ಟಿ ಹಾಕ್ತೀಯಾ?" ಎಂದಳು ತೋಟದಾಕೆ.

"ನೀರಿಗಲ್ಲ ಕಣವ್ವಾ, ನಿನ್ ಗಂಡ ಬಚ್ಚಿಟ್ಟಿರೋ ಎರಡ್ನೇ ಮೋಟ್ರಿಗೆ!"

ಆಕೆ ನಕ್ಕಳು. ಇವರು ಹೆಸರು ಬರೆದುಕೊಳ್ಳಲಿಲ್ಲ, ಮೊತ್ತಕ್ಕೆ ಮಾತ್ರ ಸೇರಿಸಿದರು.

ಅವರ ಮೊತ್ತ ನನ್ನದರ ಒಂದೂವರೆ ಪಟ್ಟಾಯಿತು. "ದೊಡ್ಡ ಟ್ರಾನ್ಸ್‌ಫಾರ್ಮರ್ ಕೇಳಿ ಸಾರ್. ಇದು ಬೇಸಿಗೆ ತಡೆಯಲ್ಲ." ಆದರೆ ಅಂಗೈಯಲ್ಲಿ ಅಳೆದದ್ದನ್ನು ಮೇಲಧಿಕಾರಿಗಳಿಗೆ ಬರೆಯುವುದು ನನ್ನ ವಿದ್ಯೆಗೇ ಅವಮಾನವಲ್ಲವೇ? ನನ್ನ ಲೆಕ್ಕವನ್ನೇ ಕಳಿಸಿದೆ.

ಯುಗಾದಿಯ ಮರುವಾರವೇ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಬದಲಿ ಬರುವುದರೊಳಗೆ ತೆಂಗಿನ ಸಸಿಗಳು ಬಾಡಿದವು. ಊರವರು ಕಚೇರಿಗೆ ನುಗ್ಗಿ, "ಲೋಡಿನ ಲೆಕ್ಕ ಹಾಕಿದ್ ಯಾವನ್ಲಾ?" ಎಂದರು. ನಾನು ಕಡತದಲ್ಲಿ ತಲ್ಲೀನನಾದೆ.

ಲೈನ್‌ಮನ್ನರು ಎರಡೂ ಕಾಲು ಒಳಗಿಟ್ಟರು. "ನಾನೇ ಕಣ್ರಪ್ಪಾ. ಎಣಿಸೋದ್ರಲ್ಲಿ ಎಡವಟ್ಟಾಯ್ತು."

ಬೈಗುಳವೆಲ್ಲ ಅವರ ಪಾಲಾಯಿತು. ಆಮೇಲೆ ತಪ್ಪು ನನ್ನದಲ್ಲವೇ ಎಂದು ನಾನು ತೊದಲಿದ್ದಕ್ಕೆ, "ನೀವು ಹೊಸಬ್ರು, ನಿಮ್ ಮಾತು ಊರಲ್ಲಿ ನಡೀಬೇಕು. ನನ್ನ ಬೈದು ಅವ್ರಿಗೆ ಅಭ್ಯಾಸ ಐತೆ," ಎಂದು ಹೊರಟೇಬಿಟ್ಟರು.

ಕಳೆದ ವರ್ಷ ಅವರು ತೀರಿಕೊಂಡರು. ತಿಥಿಯ ಪಂಕ್ತಿಯಲ್ಲಿ ಹುಲಿಕೆರೆಯ ಹಿರಿಯರೊಬ್ಬರು, "ದೇವರಂಥ ಮನುಷ್ಯ, ಅದೊಂದ್ಸಲ ಲೆಕ್ಕ ತಪ್ಪಿದ್ದು ಬಿಟ್ರೆ," ಎಂದರು. ಎಲೆಯ ಮುಂದಿನಿಂದ ಎದ್ದು ನಿಂತು ಹೇಳಿದೆ: ಅವರ ಲೆಕ್ಕ ಸರಿಯಿತ್ತು, ತಪ್ಪಿದ್ದು ನನ್ನದು.

ಪಂಕ್ತಿಯವರೆಲ್ಲ ನನ್ನ ಕಡೆ ತಿರುಗಿದರು.

"ನೋಡ್ರಪ್ಪಾ, ಸತ್ತೋರ ತಪ್ಪು ತಮ್ಮ ಮೇಲೆ ಹಾಕ್ಕೊತಾವ್ರೆ. ಎಂಥಾ ದೊಡ್ ಮನ್ಸು!" ಎಂದು ಹಿರಿಯರು ಕಣ್ಣೊರೆಸಿಕೊಂಡು, ನನ್ನ ಎಲೆಗೆ ಇನ್ನೊಂದು ವಡೆ ಹಾಕಿಸಿದರು.